ಸಹಿ ಹಾಕದ ಮೇಡಂ, ಒಂದು ಡಬ್ಬಿ ಕೆಂಪು ಮಣಿ

ಬೆಳಗಿನ ಐದೂವರೆ. ಚನ್ನಪಟ್ಟಣದ ಗೊಂಬೆ ಕಡೆಯುವವರ ಬೀದಿಯಲ್ಲಿ ಲೇಥ್‌ಗಳು ಇನ್ನೂ ಎದ್ದಿಲ್ಲ. ಮಸೀದಿಯ ಬಾಂಗು ಮುಗಿದು ಪಕ್ಕದ ಬೀದಿಯ ಗುಡಿಯಲ್ಲಿ ಗಂಟೆ ಶುರುವಾಗುವುದರೊಳಗೆ ಈ ಬೀದಿಗೆ ಅದರದ್ದೇ ಒಂದು ಮೌನ ದಕ್ಕುತ್ತದೆ. ಆ ಮೌನದಲ್ಲಿ, ತಮ್ಮನ ಶೆಡ್ಡಿನ ಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತು, ವಜೀರಾ ಬಾನು ಮೊರದಲ್ಲಿ ಮಣಿ ಆರಿಸುತ್ತಿದ್ದಾರೆ. ತೂತು ನೆಟ್ಟಗಿರುವ ಮಣಿಗಳು ಒಂದು ಬದಿಗೆ, ಓರೆಯಾದವು ಇನ್ನೊಂದು ಬದಿಗೆ. ನೆಟ್ಟಗಿರುವುದೆಲ್ಲ ತಮ್ಮನ ಗೋಣಿಗೆ ಹೋಗುತ್ತದೆ. ಓರೆಯಾದವುಗಳಲ್ಲಿ ಕೆಂಪು ಬಣ್ಣದ್ದನ್ನಷ್ಟೇ ಹೆಕ್ಕಿ ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕಿಕೊಳ್ಳುತ್ತಾರೆ. ಜಪಕ್ಕೆ ಕೂತವರ ಬೆರಳಿನ ನಿಧಾನ ಅವರ ಬೆರಳಿಗಿದೆ.

ಹಲ್ಲುಜ್ಜುತ್ತಾ ಹೊರಬಂದ ತಮ್ಮ ಅಮೀರ್ ನಗುತ್ತಾರೆ. "ಇಡೀ ಚನ್ನಪಟ್ಟಣದಲ್ಲಿ ಡ್ಯಾಮೇಜ್ ಮಾಲು ಕೇಳಿ ಇಸ್ಕೊಳ್ಳೋ ಗಿರಾಕಿ ಅಂದ್ರೆ ನಮ್ಮ ಆಪಾ ಒಬ್ಬಳೇ."

"ದಾರ ಪೋಣಿಸೋಕೆ ತೂತು ನೆಟ್ಟಗಿರ್ಬೇಕು. ಎಣಿಸೋಕೆ ಏನಾಗ್ಬೇಕೋ?" ಎನ್ನುತ್ತಾ ವಜೀರಾ ಡಬ್ಬಿಯ ಮುಚ್ಚಳ ಒತ್ತುತ್ತಾರೆ.

ಅವರ ಚೀಲದಲ್ಲಿ ಆ ಡಬ್ಬಿ, ಒಂದು ಸ್ಟೀಲ್ ಲೋಟ, ಚಪಾತಿ ಕಟ್ಟಿದ ಪೊಟ್ಟಣ. ಅದರ ಕೆಳಗೆ ಖಾಕಿ ಕವರಿನಲ್ಲಿ ಮಡಿಸಿಟ್ಟ ಒಂದು ಹಾಳೆ. ಹಾಳೆಯ ಬುಡದಲ್ಲಿ ಮೂರು ಸಹಿಗಳಿಗೆ ಜಾಗವಿದೆ. ಎರಡು ಬಿದ್ದಿವೆ. ಮೂರನೆಯದು ಇವರದ್ದು. ಜುಲೈನಲ್ಲಿ ಕೈಗೆ ಬಂದ ಹಾಳೆ ಇದು. ಈಗ ಡಿಸೆಂಬರ್. ಆ ಜಾಗ ಇನ್ನೂ ಬೆಳ್ಳಗೇ ಇದೆ.

"ಇವತ್ತು ಮಧ್ಯಾಹ್ನ ಮೀಟಿಂಗು. ಸಹಿ ಹಾಕ್ಸೇ ಹಾಕಿಸ್ತೀವಿ ಅಂತ ಕೂತವ್ರೆ," ಎಂದು ಚಪ್ಪಲಿ ಮೆಟ್ಟುತ್ತಾರೆ. "ಹಾಕಲ್ಲ ಅಂತ ನಾನೂ ಹೊರಟಿದೀನಿ."

ಐವತ್ತೆಂಟು ವರ್ಷದ ವಜೀರಾ ಬಾನು ಸರ್ಕಾರಿ ಸಂಪನ್ಮೂಲ ಶಿಕ್ಷಕಿ. ಕಣ್ಣು, ಕಿವಿ, ಕೈಕಾಲು, ಬುದ್ಧಿಯ ಬೆಳವಣಿಗೆ, ಯಾವುದರಲ್ಲೇ ತೊಡಕಿದ್ದರೂ ಮಕ್ಕಳು ಊರಿನ ಸಾಮಾನ್ಯ ಶಾಲೆಯಲ್ಲೇ, ಉಳಿದ ಮಕ್ಕಳ ಜೊತೆಯಲ್ಲೇ ಕಲಿಯುವಂತೆ ನೋಡಿಕೊಳ್ಳುವುದು ಅವರ ಕೆಲಸ. ಆ ಮಕ್ಕಳಿಗೆ ಕಲಿಸುವುದಕ್ಕಿಂತ ಅವರ ಮೇಷ್ಟ್ರುಗಳಿಗೆ ಕಲಿಸುವುದೇ ಹೆಚ್ಚು. ರಾಮನಗರ ಸೀಮೆಯ ಮೂವತ್ತೆಂಟು ಶಾಲೆಗಳು ಅವರ ಪಾಲಿಗಿವೆ. ತೊಂಬತ್ನಾಲ್ಕು ಮಕ್ಕಳು. ದಿನಕ್ಕೆ ಮೂರು ಬಸ್ಸು ಹೋಗುವಾಗ, ಮೂರು ಬಸ್ಸು ಬರುವಾಗ. ಒಂದು ಶಾಲೆಗೆ ಒಮ್ಮೆ ಹೋದರೆ ಮತ್ತೆ ಆ ಶಾಲೆಯ ಸರದಿ ಬರುವುದು ಸುಮಾರು ಎರಡು ತಿಂಗಳಿಗೆ. "ಎರಡು ತಿಂಗಳಿಗೊಂದ್ಸಲ ಬಂದು ನಾನೇನು ಕಲಿಸ್ಲಿ? ದಿನಾ ಅಲ್ಲಿರೋರು ಕಲಿಸ್ಬೇಕು. ಅವರಿಗೆ ಹೆಂಗೆ ಅಂತ ತೋರಿಸಿ ಬರೋಳು ನಾನು."

ರಾಮನಗರದಲ್ಲಿ ಬಸ್ಸು ಇಳಿದರೆ ರೇಷ್ಮೆಗೂಡಿನ ಮಾರುಕಟ್ಟೆಯ ಕಡೆ ಹೋಗುವ ಗೋಣಿಚೀಲಗಳ ಸಾಲು. ಕೂಟಗಲ್ ಕಡೆಯ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷವನ್ನು ವಜೀರಾ ಬಸ್ ನಿಲ್ದಾಣದಲ್ಲಿ ಕಳೆಯುವುದಿಲ್ಲ. ಎರಡು ಬೀದಿ ಬಳಸಿ, ಗೂಡು ಬೇಯಿಸಿ ನೂಲು ಬಿಚ್ಚುವ ಒಂದು ಶೆಡ್ಡಿನ ಮುಂದೆ ಹಾದು ಬರುತ್ತಾರೆ. ಒಳಗೆ ಹಬೆಯಾಡುವ ನೀರಿನ ಮುಂದೆ ನಿಂತ ಇಪ್ಪತ್ತೆರಡರ ಯುವಕನೊಬ್ಬ ಅವರನ್ನು ಕಂಡು ಒದ್ದೆ ಕೈಯನ್ನು ಹಣೆಗೆ ಮುಟ್ಟಿಸಿ ನಗುತ್ತಾನೆ. ಇವರೂ ಕೈ ಎತ್ತುತ್ತಾರೆ. ಅಷ್ಟೇ. ಮುಂದೆ ನಡೆಯುತ್ತಾರೆ.

ಅವನು ಓವೈಸ್. ಅವನಿಗೆ ಕಿವಿ ಕೇಳುವುದಿಲ್ಲ. ಹನ್ನೆರಡು ವರ್ಷದ ಹಿಂದೆ, ಅವನು ನಾಲ್ಕನೇ ತರಗತಿಯಲ್ಲಿದ್ದಾಗ, ಇಂಥದೇ ಹಾಳೆಗೆ ವಜೀರಾ ಸಹಿ ಹಾಕಿದ್ದರು. ಸ್ವಲ್ಪ ದಿನ ಮನೆಯಲ್ಲೇ ಪಾಠವಾಗಲಿ, ಆಮೇಲೆ ಕರೆಸಿಕೊಳ್ಳೋಣ ಎಂದಿದ್ದರು ಆ ಶಾಲೆಯವರು. ಆ ಆಮೇಲೆ ಬರಲೇ ಇಲ್ಲ. ಪಾಠ ಹೇಳಲು ಹೋಗಬೇಕಾದ ಸ್ವಯಂಸೇವಕ ಎರಡು ತಿಂಗಳು ಹೋದ, ಆಮೇಲೆ ಬೇರೆ ಕೆಲಸ ಸಿಕ್ಕಿ ಹೊರಟುಹೋದ. ಹುಡುಗ ನೀರಿನ ಮುಂದೆ ನಿಂತ.

"ಅವನಿಗೆ ನನ್ನ ಮೇಲೆ ಸಿಟ್ಟಿಲ್ಲ. ನಕ್ಕು ಸಲಾಂ ಮಾಡ್ತಾನೆ. ನಾನು ಯಾವ ಹಾಳೆಗೆ ಸಹಿ ಹಾಕ್ದೆ ಅಂತ ಓದೋಕೂ ಬರಲ್ಲ ಅವನಿಗೆ," ಎನ್ನುವಾಗ ಅವರ ದನಿ ಏರುವುದೂ ಇಲ್ಲ, ಒಡೆಯುವುದೂ ಇಲ್ಲ. "ಬಸ್ಸು ತಪ್ಪಿದ್ರೂ ಪರ್ವಾಗಿಲ್ಲ, ಅವನ ಮುಖ ನೋಡ್ಕೊಂಡೇ ಹೋಗ್ತೀನಿ. ಅದು ನನ್ನ ದಿನದ ಮೊದಲನೇ ಪಾಠ."

ಈಗ ಚೀಲದಲ್ಲಿರುವ ಹಾಳೆಯ ಮೇಲಿನ ಹೆಸರು ಸಿರಿ. ಕೂಟಗಲ್ ಹೋಬಳಿಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ. ಹತ್ತು ವರ್ಷ. ಹುಟ್ಟಿದಾಗಿನಿಂದ ಕಿವಿ ಮಂದ. ಶಿಬಿರದಲ್ಲಿ ಕೊಟ್ಟ ಶ್ರವಣ ಯಂತ್ರ ಇದೆ. ಹಾಕಿಕೊಂಡರೆ ಫ್ಯಾನು, ಬೆಂಚು, ಪಾತ್ರೆ ಎಲ್ಲದರ ಸದ್ದೂ ಒಟ್ಟಿಗೇ ನುಗ್ಗುತ್ತದೆ ಎಂದು ಬಹಳ ಹೊತ್ತು ಅದನ್ನು ಜಾಮಿಟ್ರಿ ಬಾಕ್ಸಿನಲ್ಲಿಟ್ಟಿರುತ್ತಾಳೆ. ತುಟಿ ನೋಡಿ ಮಾತು ಹಿಡಿಯುತ್ತಾಳೆ. ಅವಳನ್ನು ಶಾಲೆಯಿಂದ ತೆಗೆದು ಮನೆಯಲ್ಲೇ ಕಲಿಯುವ ಮಕ್ಕಳ ಪಟ್ಟಿಗೆ ಸೇರಿಸಬೇಕು ಎನ್ನುತ್ತದೆ ಹಾಳೆ. ಹಾಸಿಗೆಯಿಂದ ಏಳಲಾಗದ ಮಕ್ಕಳಿಗಾಗಿ ಇರುವ ಪಟ್ಟಿ ಅದು. ಸಿರಿ ಊರಿನ ಹುಣಸೆ ಮರ ಹತ್ತುವ ಹುಡುಗಿ.

ಶಾಲೆಯ ಹೆಸರು ಬರೆಯುವುದು ಬೇಡ ಎಂದು ಬಸ್ಸಿನಲ್ಲೇ ವಜೀರಾ ನಮ್ಮಿಂದ ಮಾತು ತೆಗೆದುಕೊಳ್ಳುತ್ತಾರೆ. "ಹೆಸರು ಹಾಕಿದ್ರೆ ಇದು ಅದೊಂದು ಸ್ಕೂಲಿನ ತಪ್ಪು ಅಂದ್ಕೋತಾರೆ ಜನ. ಓದ್ದೋರು ಅವರವರ ಸ್ಕೂಲಿನ ಹೆಸರು ಹಾಕ್ಕೊಳ್ಳಿ."

ಒಂಬತ್ತೂವರೆಗೆ ನಾವು ತಲುಪಿದಾಗ ಮುಖ್ಯ ಶಿಕ್ಷಕ ಬೈರಪ್ಪನವರು ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸುತ್ತಿದ್ದಾರೆ. ಮೂವತ್ತೊಂದು ವರ್ಷದ ಸೇವೆ. ಇಸ್ತ್ರಿ ಮಾಡಿದ ಬಿಳಿ ಶರಟು, ನೆತ್ತಿಯ ಮೇಲೆ ಅಂಗೈಯಗಲ ಬೋಳು. ಹಾಳೆಯ ಮೇಲಿನ ಮೊದಲ ಸಹಿ ಅವರದ್ದು. ಕೆಟ್ಟ ಮನುಷ್ಯರಲ್ಲ. ಜೂನ್ ತಿಂಗಳಲ್ಲಿ ಶಾಲೆ ಬಿಟ್ಟಾಗ ಸಿರಿ ರಸ್ತೆ ದಾಟುತ್ತಿದ್ದಳು. ಹಿಂದಿನಿಂದ ಬಂದ ಟೆಂಪೋದ ಹಾರನ್ನು ಅವಳಿಗೆ ಕೇಳಿಸಲಿಲ್ಲ.

"ಡ್ರೈವರ್ ಪುಣ್ಯಾತ್ಮ, ನಿಲ್ಸಿಬುಟ್ಟ. ಆ ಬ್ರೇಕಿನ ಸದ್ದು ಇವತ್ತಿಗೂ ನನ್ ಕಿವೀಲಿ ಐತೆ," ಎನ್ನುತ್ತಾರೆ ಬೈರಪ್ಪ. "ಮಗು ಮೇಲೆ ಕರುಣೆ ಇಲ್ದೆ ಬರ್ದಿದ್ದಲ್ಲ ನಾನು. ಪಾಠ ತಲೆಗೆ ಹತ್ತಲ್ಲ, ಪರೀಕ್ಷೇಲಿ ಖಾಲಿ ಪೇಪರ್ ಕೊಡ್ತಾಳೆ. ಸುಮ್ನೆ ಬಂದು ಕೂತು ಹೋಗೋದಕ್ಕೆ ಜೀವ ಯಾಕೆ ಒತ್ತೆ ಇಡ್ಬೇಕು? ನೀವೇ ಹೇಳಿ."

ಎರಡನೆಯ ಸಹಿ ಸಿರಿಯ ಅಪ್ಪ ಲೋಕೇಶ್ ಅವರದ್ದು. ಮೇಷ್ಟ್ರು ತೋರಿಸಿದ ಕಡೆ ಹಾಕಿದ್ದಾರೆ.

ಜುಲೈ ತಿಂಗಳಲ್ಲಿ ಸಹಿ ಕೇಳಿದಾಗ ವಜೀರಾ ಮಾಡಿದ್ದು ಇಷ್ಟೇ. ಹಾಳೆಯನ್ನು ಚೀಲದಲ್ಲಿಟ್ಟುಕೊಂಡು, ಐದನೇ ತರಗತಿಯಲ್ಲಿ ಸಿರಿಯ ಪಕ್ಕ ನೆಲದ ಮೇಲೆ ಕೂತರು. ಪಾಠ ಮಾಡುತ್ತಿದ್ದವರು ಪ್ರಕಾಶ್, ಐದು ವರ್ಷದ ಸೇವೆಯ ಹುರುಪಿನ ಮೇಷ್ಟ್ರು. ಸಿರಿಯ ಮೇಲೆ ಅಕ್ಕರೆಯಿಂದ ಅವಳನ್ನು ಮೊದಲ ಸಾಲಿನಲ್ಲಿ, ಕಪ್ಪು ಹಲಗೆಯ ಬುಡದಲ್ಲೇ ಕೂರಿಸಿದ್ದರು. ಅವಳಿಗಾಗಿಯೇ ಗಂಟಲು ಹರಿಯುವಂತೆ ಕೂಗಿ ಪಾಠ ಮಾಡುತ್ತಿದ್ದರು. ವಜೀರಾ ಅವರ ಎಡಗೈಯಲ್ಲಿ ಮಣಿಯ ಡಬ್ಬಿ, ಬಲಕ್ಕೆ ಲೋಟ. ಪ್ರಕಾಶ್ ಹಲಗೆಯ ಕಡೆ ತಿರುಗಿ, ಬರೆಯುತ್ತಾ ಮಾತಾಡಿದಾಗಲೆಲ್ಲ ಒಂದು ಮಣಿ ಸದ್ದಾಗದಂತೆ ಲೋಟಕ್ಕೆ. ಪುಸ್ತಕದಿಂದ ಮುಖ ಮುಚ್ಚಿಕೊಂಡು ಓದಿದರೆ ಒಂದು ಮಣಿ. ಕಿಟಕಿಗೆ ಬೆನ್ನು ಕೊಟ್ಟು ನಿಂತು, ಬೆಳಕು ಹಿಂದಿನಿಂದ ಬಂದು ಮುಖ ಕಪ್ಪಾದರೆ ಒಂದು ಮಣಿ. ಹಿಂದಿನ ಬೆಂಚಿನ ಹುಡುಗ ಉತ್ತರ ಹೇಳಿ ಎಲ್ಲರೂ ನಕ್ಕು, ಯಾಕೆ ನಕ್ಕರೆಂದು ಸಿರಿ ಸುತ್ತ ನೋಡುವಂತಾದರೂ ಒಂದು ಮಣಿ.

ಮಕ್ಕಳು ಊಟಕ್ಕೆ ಹೋದ ಮೇಲೆ ವಜೀರಾ ಲೋಟವನ್ನು ಪ್ರಕಾಶರ ಮೇಜಿನ ಮೇಲೆ ಬೋರಲು ಹಾಕಿದರು. ನಲವತ್ತು ನಿಮಿಷದ ಪಾಠ. ಅರವತ್ತಮೂರು ಮಣಿ.

"ಮೊದ್ಲು ಸಿಟ್ಟೇ ಬಂತು," ಎಂದು ಪ್ರಕಾಶ್ ಈಗ ನಗುತ್ತಾರೆ. "ಯಾರ್ರೀ ಇವ್ರು, ಮಣಿ ತಗಂಡ್ ಬಂದು ನನ್ ಮಾನ ಕಳೆಯೋಕೆ ಅಂತ. ಮೇಡಂ ಕೇಳಿದ್ದು ಒಂದೇ ಪ್ರಶ್ನೆ. ಅರವತ್ತಮೂರು ಸಲ ನೀವು ಪಾಠ ಹೇಳಿದ್ದು ಗೋಡೆಗೆ. ಗೋಡೆ ಪಾಸಾಯ್ತಾ ಅಂದ್ರು. ರಾತ್ರಿ ಊಟ ಸೇರ್ಲಿಲ್ಲ ನಂಗೆ. ಮುಂದಿನ ಸಾಲು ಕೊಟ್ಟೆ ಅಂತ ದೊಡ್ಡ ಉಪಕಾರ ಮಾಡಿದೋನಂಗೆ ಇದ್ದೆ. ಅಲ್ಲಿ ಕೂತ್ರೆ ಅವಳಿಗೆ ಕಾಣೋದು ನನ್ ಬೆನ್ನು ಮಾತ್ರ. ಮಾತಾಡೋ ಬೇರೆ ಇಪ್ಪತ್ತೆರಡು ಮಕ್ಕಳೂ ಅವಳ ಬೆನ್ನಿನ ಹಿಂದೆ."

ಆ ಮಣಿಗಳ ವಿಷಯದಲ್ಲಿ ವಜೀರಾ ಹಿಡಿದ ಒಂದು ವ್ರತವಿದೆ. ಲೆಕ್ಕ ಗೊತ್ತಾಗಬೇಕಾದ್ದು ಪಾಠ ಮಾಡಿದವರಿಗೆ ಮಾತ್ರ. ಮುಖ್ಯ ಶಿಕ್ಷಕರಿಗಿಲ್ಲ, ಕಚೇರಿಗಿಲ್ಲ, ಯಾವ ವರದಿಯಲ್ಲೂ ಬರೆಯುವುದಿಲ್ಲ. ಈ ಅರವತ್ತಮೂರನ್ನು ಬರೆಯಿರಿ ಎಂದು ಹೇಳಿದವರು ಪ್ರಕಾಶರೇ. ತಮ್ಮ ಶಾಲೆಯ ಮೇಷ್ಟ್ರುಗಳಿಗೆ ಎಷ್ಟೆಷ್ಟು ಬಿದ್ದವು ಎಂದು ಬೈರಪ್ಪನವರು ಒಮ್ಮೆ ವಿಚಾರಿಸಿದ್ದರಂತೆ. "ನಿಮ್ಮದು ಎಷ್ಟು ಅಂತ ಬೇಕಾದ್ರೆ ಎಣಿಸಿ ಕೊಡ್ತೀನಿ ಸಾರ್, ಅವರದ್ದು ಕೇಳ್ಬೇಡಿ," ಎಂದಿದ್ದರು ವಜೀರಾ. ಅವರು ಮತ್ತೆ ಕೇಳಲಿಲ್ಲ.

ಅಲ್ಲಿಂದ ಶನಿವಾರಗಳು ಶುರುವಾದವು. ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದೂವರೆ ಗಂಟೆ. ಸಹಿ ಪುಸ್ತಕವಿಲ್ಲ, ಭತ್ಯೆಯಿಲ್ಲ, ಭಾಷಣವಿಲ್ಲ. ಮೊದಲ ಶನಿವಾರ ಬಂದವರು ಪ್ರಕಾಶ್ ಮತ್ತು ಪಕ್ಕದ ಊರಿನ ಸುಮನಾ ಟೀಚರ್, ಇಬ್ಬರೇ. ಈಗ ಸುತ್ತಲಿನ ಐದು ಶಾಲೆಗಳಿಂದ ಹದಿನಾಲ್ಕು ಜನ ಬರುತ್ತಾರೆ. ಒಬ್ಬರು ಹತ್ತು ನಿಮಿಷ ಪಾಠ ಮಾಡುತ್ತಾರೆ, ಉಳಿದವರು ಮಕ್ಕಳಂತೆ ಕೂತು ಮಣಿ ಹಾಕುತ್ತಾರೆ.

"ಇಲಾಖೆ ತರಬೇತಿ ಎಷ್ಟು ಮಾಡಿಲ್ಲ ನಾವು? ಟೀ ಕುಡ್ದು, ಫೋಲ್ಡರ್ ತಗಂಡು ಬರೋದು," ಎನ್ನುತ್ತಾರೆ ಸುಮನಾ. "ಇಲ್ಲಿ ಒಂದು ಲೋಟ ಬೋರಲು ಹಾಕಿದ್ರೆ ಸಾಕು, ಬೆವರು ಇಳೀತದೆ. ಮೊದಮೊದಲು ಜಗಳಾನೇ. ನಿಂದೆಷ್ಟು ಬಿತ್ತು, ನಂದೆಷ್ಟು ಬಿತ್ತು ಅಂತ. ಈ ಪ್ರಕಾಶ್ ಬೇಕಂತಲೇ ನಂಗೆ ಎರಡು ಜಾಸ್ತಿ ಹಾಕ್ತಿದ್ದ."

"ಜಾಸ್ತಿ ಹಾಕ್ಲಿಲ್ಲ ಮೇಡಂ, ನೀವು ಸೆರಗು ಸರಿ ಮಾಡ್ಕೊಳ್ಳೋಕೆ ತಿರುಗ್ದಾಗ್ಲೂ ಪಾಠ ನಿಲ್ಸಲ್ವಲ್ಲ, ಅದಕ್ಕೆ ಹಾಕಿದ್ದು."

ಅಲ್ಲಿ ಹುಟ್ಟಿದ ಕ್ರಮಗಳು ತುಂಬಾ ಸಣ್ಣವು. ಬರೆಯುವಾಗ ಬಾಯಿ ಮುಚ್ಚಿ, ಮಾತಾಡುವಾಗ ಸೀಮೆಸುಣ್ಣ ಕೆಳಗಿಡಿ. ಮಕ್ಕಳನ್ನು ಸಾಲಿನಲ್ಲಿ ಕೂರಿಸದೆ ಲಾಳದ ಆಕಾರದಲ್ಲಿ ಕೂರಿಸಿದರೆ ಎಲ್ಲರ ಮುಖವೂ ಎಲ್ಲರಿಗೂ ಕಾಣುತ್ತದೆ. ಮಾತಾಡುವ ಮಗು ಮೊದಲು ಕೈ ಎತ್ತಲಿ, ಯಾರ ಕಡೆ ನೋಡಬೇಕೆಂದು ಸಿರಿಗೆ ಗೊತ್ತಾಗಲಿ. "ತಿಳೀತಾ?" ಎಂದು ಕೇಳಬೇಡಿ, ಅದಕ್ಕೆ ಲೋಕದ ಮಕ್ಕಳೆಲ್ಲ "ಹೂಂ" ಎಂದೇ ಹೇಳುವುದು. ಏನು ತಿಳಿಯಿತು ಎಂದು ಕೇಳಿ. ರಸ್ತೆಯ ಭಯಕ್ಕೂ ದಾರಿ ಕಂಡುಕೊಂಡದ್ದು ಮಕ್ಕಳೇ. ಶಾಲೆ ಬಿಟ್ಟಾಗ ಸಿರಿಯ ಬಲಕ್ಕೊಬ್ಬರು, ಎಡಕ್ಕೊಬ್ಬರು. ವಾರಕ್ಕೊಂದು ಜೋಡಿ.

ಇಂದಿನ ತರಗತಿಯಲ್ಲಿ ಪ್ರಕಾಶ್ ಎಲೆಗಳ ಪಾಠ ಮಾಡುತ್ತಿದ್ದಾರೆ. ಲಾಳದ ಒಂದು ತುದಿಯಲ್ಲಿ ಕೂತ ಸಿರಿಯ ಕಣ್ಣು ಗುಬ್ಬಿಯಂತೆ ಅತ್ತಿತ್ತ ಹಾರುತ್ತದೆ. ಹಿಪ್ಪುನೇರಳೆ ಎಲೆ ಹಿಡಿದು, ಅಂಚು ಹೇಗಿದೆ ಎಂದು ಮೇಷ್ಟ್ರು ಕೇಳಿದರೆ ಅವಳು ಗಾಳಿಯಲ್ಲಿ ಬೆರಳಿನಿಂದ ಗರಗಸ ಆಡಿಸುತ್ತಾಳೆ. ಪ್ರಕಾಶ್ ಬಾಗಿಲ ಕಡೆ ಹೋದ ಕೂಡಲೇ ಎದ್ದು, ಕನ್ನಡಕ ಸರಿಮಾಡಿಕೊಳ್ಳುವ ಅವರ ರೀತಿಯನ್ನೇ ಅಣಕಿಸುತ್ತಾಳೆ. ತರಗತಿಯೇ ಬಿದ್ದುಬಿದ್ದು ನಗುತ್ತದೆ. ಈಗ ನಗು ಯಾಕೆಂದು ಅವಳಿಗೆ ಗೊತ್ತು. ಹಿಂದಿನ ಪರೀಕ್ಷೆಯಲ್ಲಿ ಅವಳ ಪೇಪರು ಖಾಲಿ ಇರಲಿಲ್ಲ. ಸೊನ್ನೆಯಿದ್ದ ಕಡೆ ಇಪ್ಪತ್ತಕ್ಕೆ ಒಂಬತ್ತು.

"ಒಬ್ಬಳಿಗೋಸ್ಕರ ಮಾಡಿದ್ದು ಸಾರ್," ಎನ್ನುತ್ತಾರೆ ಪ್ರಕಾಶ್. "ಕಿವಿ ನೆಟ್ಟಗಿರೋರೇ ಆರೇಳು ಜನ ಮೊದಲಿಗಿಂತ ಚೆನ್ನಾಗಿ ಬರೀತಾವ್ರೆ. ಅವರಿಗೂ ನಾನು ಕಂಡಿರ್ಲಿಲ್ಲ ಅಂತ ಕಾಣ್ತದೆ."

ಹಾಗಿದ್ದರೆ ಹಾಳೆಯನ್ನು ಯಾರೂ ಹಿಂದಕ್ಕೆ ಪಡೆದಿಲ್ಲವೇಕೆ? ಜೂನ್‌ನಲ್ಲಿ ಸಿರಿ ಆರನೇ ತರಗತಿಗೆ ಹೋಗುತ್ತಾಳೆ. ಅಲ್ಲಿ ಗಣಿತ, ವಿಜ್ಞಾನ ಎರಡೂ ಬೈರಪ್ಪನವರದ್ದು. ಐದನೆಯ ತರಗತಿಗೂ ವಾರಕ್ಕೆರಡು ದಿನ ಗಣಿತ ಅವರದ್ದೇ. ಅವರು ಒಂದು ಶನಿವಾರವೂ ಕೂತಿಲ್ಲ. ನಿವೃತ್ತಿಗೆ ಎರಡು ವರ್ಷವಿರುವಾಗ ಮಣಿ ಎಣಿಸಿಕೊಳ್ಳುವ ಹಣೆಬರಹ ತನಗೆ ಬೇಡ ಎಂದುಬಿಟ್ಟಿದ್ದಾರೆ.

ಕಚೇರಿಯಿಂದ ಸೆಪ್ಟೆಂಬರಿನಲ್ಲಿ ವಜೀರಾ ಅವರಿಗೆ ಫೋನು ಬಂತು. ಒಂದು ಸಹಿಗೋಸ್ಕರ ಇಡೀ ಪಟ್ಟಿ ನಿಂತಿದೆ, ಯಾಕಮ್ಮ ತೊಂದರೆ ಕೊಡುತ್ತೀರಿ ಎಂದರು. ಆಮೇಲೆ ಕಾರಣ ಕೇಳಿ ನೋಟಿಸು ಬಂತು. ಅವರು ಬರೆದ ಉತ್ತರದ ಪ್ರತಿ ಆ ಖಾಕಿ ಕವರಿನಲ್ಲೇ ಇದೆ. ನಾಲ್ಕು ಸಾಲು: "ಸಿರಿ ದಿನವೂ ಶಾಲೆಗೆ ಬರುತ್ತಿದ್ದಾಳೆ. ಪಾಠ ಅವಳವರೆಗೆ ಬರುತ್ತಿಲ್ಲ. ಬಾರದಿರುವುದು ಪಾಠವಾದ್ದರಿಂದ ಮಗುವನ್ನು ಕಳಿಸಲಾಗದು. ಸಹಿ ಹಾಕುವುದಿಲ್ಲ."

ಮಧ್ಯಾಹ್ನ ಎರಡೂವರೆ. ಶಾಲೆಯ ಜಗುಲಿಯಲ್ಲಿ ಶಾಲಾಭಿವೃದ್ಧಿ ಸಮಿತಿಯ ಸಭೆ. ಊರಿನ ಆರೇಳು ಜನ, ಮೇಷ್ಟ್ರುಗಳು, ಲೋಕೇಶ್. ಅವರ ಪಕ್ಕದಲ್ಲಿ ಸೆರಗಿನ ಮೇಲೆ ಹಿಪ್ಪುನೇರಳೆ ಸೊಪ್ಪಿನ ಕಲೆಯಿರುವ ಅವರ ತಾಯಿ ಕೆಂಚಮ್ಮ. ಸಿರಿ ಅಜ್ಜಿಯ ಮೊಣಕಾಲಿಗೆ ಒರಗಿ ಕೂತಿದ್ದಾಳೆ.

ಬೈರಪ್ಪನವರು ನಿಧಾನವಾಗಿಯೇ ಮಾತಾಡುತ್ತಾರೆ. "ಐದನೇ ಕ್ಲಾಸು ಹೆಂಗೋ ಆಯ್ತು. ಪ್ರಕಾಶ್ ಹುಡುಗ, ಕುಣ್ಕಂಡು ಪಾಠ ಮಾಡ್ತಾನೆ. ಆರನೇ ಕ್ಲಾಸಿನ ಸಿಲಬಸ್ಸು ಬೆಟ್ಟದಷ್ಟೈತೆ. ಒಂದ್ ಮಗುಗೋಸ್ಕರ ಇಡೀ ಕ್ಲಾಸು ನಿಲ್ಸಕ್ಕಾಗಲ್ಲ. ವಜೀರಾ ಮೇಡಂ, ದೊಡ್ಡ ಮನ್ಸು ಮಾಡಿ, ಒಂದು ಸಹಿ."

ವಜೀರಾ ಕವರು ತೆಗೆದು ಹಾಳೆಯನ್ನು ಮೇಜಿನ ಮೇಲಿಡುತ್ತಾರೆ. ಪೆನ್ನು ತೆಗೆಯುವುದಿಲ್ಲ. "ಸಾರ್, ನಾನು ಒಂದ್ಸಲ ದೊಡ್ಡ ಮನಸ್ಸು ಮಾಡಿದ್ದೆ. ಆ ಹುಡುಗ ರಾಮನಗರದಲ್ಲಿ ಬಿಸಿನೀರಲ್ಲಿ ಕೈ ಅದ್ದುಕೊಂಡು ನಿಂತವ್ನೆ. ಇನ್ನೊಂದ್ಸಲ ಆಗಲ್ಲ. ಸಸ್ಪೆಂಡ್ ಮಾಡ್ಸಿ, ವರ್ಗ ಮಾಡ್ಸಿ, ಸಹಿ ಮಾತ್ರ ಬೀಳಲ್ಲ."

ಸಿರಿ ಒಬ್ಬೊಬ್ಬರ ತುಟಿಯನ್ನೂ ಓದುತ್ತಿದ್ದಾಳೆ. ಸಹಿಯೆಂಬ ಮಾತು ಸಿಕ್ಕಿತೋ, ಮುಖಗಳ ಮೇಲಿನ ಬಿಗಿ ಸಿಕ್ಕಿತೋ ತಿಳಿಯದು. ಥಟ್ಟನೆ ಎದ್ದು ತನ್ನ ಚೀಲದಿಂದ ಡ್ರಾಯಿಂಗ್ ಪುಸ್ತಕ ತಂದು, ಒಂದು ಪುಟ ಬಿಡಿಸಿ ಹೆಡ್ ಮೇಷ್ಟ್ರ ಮುಂದಿಡುತ್ತಾಳೆ. ಮೇಲೆ "ನನ್ನ ಶಾಲೆ" ಎಂದಿದೆ. ಜೂನ್ ತಿಂಗಳ ಚಿತ್ರ. ಎಲ್ಲ ಮೇಷ್ಟ್ರುಗಳೂ ಇದ್ದಾರೆ. ಜಡೆಯಿಂದ ಒಬ್ಬರು, ಶರಟಿನ ಗೆರೆಯಿಂದ ಒಬ್ಬರು ಗುರುತು ಸಿಗುತ್ತಾರೆ. ಒಬ್ಬರಿಗೂ ಮುಖವಿಲ್ಲ. ಎಲ್ಲರದ್ದೂ ಬೆನ್ನು. ನಡುವಿನ ದೊಡ್ಡ ಬೆನ್ನಿನ ಮೇಲೆ, ಕೂದಲ ನಡುವೆ, ಅಂಗೈಯಗಲದ ಒಂದು ಬಿಳಿ ದುಂಡು.

ಯಾರೋ ಕಿಸಕ್ಕೆಂದರು. "ಸಾ, ನಿಮ್ದೇ ಕಣ್ ಸಾ, ಬೋಳ್ನೂ ಬುಟ್ಟಿಲ್ಲ ಮಗ!" ಎಂದ ಸಮಿತಿಯ ಒಬ್ಬ ಸದಸ್ಯರ ಮಾತಿಗೆ ಜಗುಲಿಯೆಲ್ಲ ನಕ್ಕಿತು. ಬೈರಪ್ಪನವರೂ ಮೊದಲು ನಕ್ಕರು. ಪ್ರಕಾಶರ ಬೆನ್ನು ನೋಡಿದರು, ತಮ್ಮದನ್ನು ನೋಡಿದರು, ಮತ್ತೆ ನೋಡಿದರು. ನಗು ಅವರ ಮುಖದಿಂದ ಇಳಿಯಿತು. ಕೈ ತಾನಾಗಿಯೇ ನೆತ್ತಿಗೆ ಹೋಯಿತು.

ಆಗ ಮಾತಾಡಿದವರು ಕೆಂಚಮ್ಮ. ನಲವತ್ತು ವರ್ಷದಿಂದ ರೇಷ್ಮೆ ಹುಳ ಸಾಕುತ್ತಿರುವವರು. "ಮೇಷ್ಟ್ರೇ, ನಿಮ್ಮ ಮನೇಲೂ ಹುಳ ಸಾಕ್ತೀರಲ್ವಾ? ಒಂದು ಮಾತು ಯೋಳಿ. ಹುಳ ಜ್ವರಕ್ಕೆ ಕೂತ್ಕತ್ತವೆ."

ಪೊರೆ ಬಿಡುವ ಹೊತ್ತಿಗೆ ರೇಷ್ಮೆ ಹುಳ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ.

"ಒಂದೇ ತಟ್ಟೇಲಿ ಮುಕ್ಕಾಲು ಭಾಗ ಎದ್ಬುಟ್ಟವೆ. ಇನ್ನು ಕಾಲು ಭಾಗ ಹಂಗೇ ಕೂತವೆ. ಎದ್ದಿರೋವ್ಕೆ ಸೊಪ್ಪು ಹಾಕ್ಬುಡ್ತೀರಾ?"

"ಇಲ್ಲ ಕಣಮ್ಮ."

"ಯಾಕಪ್ಪ? ಹಸ್ಕಂಡು ಒದ್ದಾಡ್ತಿರ್ತವಲ್ಲ?"

"ಹಾಕಿದ್ರೆ ಕೆಲವು ಮುಂದೆ, ಕೆಲವು ಹಿಂದೆ ಆಗೋಯ್ತವೆ. ಬೆಳೆ ಒಂದ್ಸಮ ಬರಲ್ಲ. ಎಲ್ಲಾ ಏಳೋಗಂಟ ಕಾಯ್ಬೇಕು."

"ಹುಳಕ್ಕೆ ಕಾಯ್ತೀರಿ," ಎಂದರು ಕೆಂಚಮ್ಮ.

ಬೈರಪ್ಪನವರು ಸೋಲುವವರಲ್ಲ. ಅವರೂ ಹುಳ ಕಂಡವರು. "ಕಾಯ್ತೀವಿ. ಕೊನೇಗೂ ಏಳ್ದೇ ಇರೋ ಹುಳಾನ ಆರ್ಸಿ ಎಸೀತೀವಲ್ಲ ಕೆಂಚಮ್ಮ, ಅದನ್ನೂ ಯೋಳು."

ಲೋಕೇಶ್ ತಲೆ ತಗ್ಗಿಸಿದರು. ಕೆಂಚಮ್ಮ ತಗ್ಗಿಸಲಿಲ್ಲ. "ಎಸೀತೀವಿ. ರೋಗ ಬಂದಿರ್ತದೆ, ಎಸೀತೀವಿ. ನನ್ ಮೊಮ್ಮಗಳಿಗೆ ಏನು ರೋಗ ಬಂದೈತೆ, ತೋರ್ಸಿ. ಅವ್ಳು ಎದ್ದು ಎಷ್ಟೋ ದಿನ ಆಯ್ತು ಮೇಷ್ಟ್ರೇ. ಬಾಯ್ ತಕ್ಕಂಡು ಕೂತವ್ಳೆ. ಸೊಪ್ಪು ಹಾಕೋರೇ ಗೋಡೆ ಕಡೆ ತಿರುಗ್ಕಂಡು ನಿಂತವ್ರೆ."

ಆಮೇಲೆ ಮಗನ ಕಡೆ ತಿರುಗಿದರು. "ನೀನು ಯಾವ ಕಾಗ್ದಕ್ಕೆ ರುಜು ಹಾಕ್ದೆ ಅಂತ ಓದಿದ್ದೇನ್ಲಾ? ಓದಕ್ಕೆ ಬರೋ ನೀನೇ ಓದ್ನಿಲ್ಲ. ಇವ್ಳು ಓದೋದು ಬ್ಯಾಡ ಅಂತೀಯಾ?"

ಬೈರಪ್ಪನವರು ಮೇಜಿನ ಮೇಲಿನ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ನಾಲ್ಕಾಗಿ ಮಡಿಸಿ ಜೇಬಿಗಿಟ್ಟರು. "ಒಂದು ತಿಂಗಳು ನೋಡ್ತೀನಿ. ಒಂದೇ ತಿಂಗಳು," ಎಂದರು. ಅದನ್ನು ಕೂಡ ಜಗುಲಿಯ ಕಂಬದ ಕಡೆ ನೋಡುತ್ತಲೇ ಅಂದರು. ಆಮೇಲೆ ಏನು ಹೊಳೆಯಿತೋ, ಸಿರಿಯ ಕಡೆ ಬಾಗಿ, ಅವಳ ಮುಖಕ್ಕೆ ಮುಖ ಕೊಟ್ಟು ಮತ್ತೊಮ್ಮೆ ಹೇಳಿದರು. "ಒಂದ್ ತಿಂಗ್ಳು. ಆಯ್ತಾ?" ಸಿರಿ ಒಂದು ಬೆರಳು ಎತ್ತಿ, ಬೇಡವೆಂದು ತಲೆಯಾಡಿಸಿ, ಹತ್ತೂ ಬೆರಳು ಬಿಡಿಸಿ ತೋರಿಸಿದಳು. ಮತ್ತೆ ನಗು.

ಸಂಜೆಯ ಬಸ್ಸಿಗೆ ನಿಂತಾಗ, ಗೆದ್ದ ಹಾಗಾಯಿತಲ್ಲ ಎಂದು ಕೇಳಿದ್ದಕ್ಕೆ ವಜೀರಾ ಒಪ್ಪಲಿಲ್ಲ. "ಗೆಲ್ಲೋದೇನು ಬಂತು? ಅವರು ಮನಸ್ಸು ಮಾಡಿ ನಾಳೆ ಮಕ್ಕಳ ಕಡೆ ತಿರುಗಿ ನಿಂತ್ರೆ ಅದು ಗೆಲುವು. ನಂಗೆ ಅವರು ಬೇಕು. ಮೂವತ್ತೊಂದು ವರ್ಷ ಲೆಕ್ಕ ಕಲಿಸಿರೋ ಮನುಷ್ಯ. ಅವರನ್ನ ಸೋಲಿಸಿ ನಾನೇನು ಮಾಡ್ಲಿ?"

ಹದಿನೈದು ದಿನ ಬಿಟ್ಟು ಮತ್ತೆ ಆ ಶಾಲೆಗೆ ಹೋದಾಗ ಐದನೇ ತರಗತಿಯಲ್ಲಿ ಬೈರಪ್ಪನವರ ಗಣಿತ. ಹಿಂದಿನ ಎರಡು ಶನಿವಾರ ಅವರು ಬಂದು ಕೂತಿದ್ದರಂತೆ. ಮೊದಲ ಶನಿವಾರ ಬಾಯಿ ಬಿಡಲಿಲ್ಲವಂತೆ, ಎರಡನೆಯ ಶನಿವಾರ ಹತ್ತು ನಿಮಿಷ ಪಾಠ ಮಾಡಿ ಮೂವತ್ತು ಮಣಿ ಹೊತ್ತುಕೊಂಡು ಹೋದರಂತೆ. ಇದನ್ನೂ ಹೇಳಿದವರು ಅವರೇ. ಮೇಜಿನ ಡ್ರಾಯರಿನಿಂದ ಆ ಹಾಳೆ ತೆಗೆದು ತೋರಿಸಿದರು. ಅವರ ಸಹಿಯ ಮೇಲೆ ಕೆಂಪು ಶಾಯಿಯ ಅಡ್ಡಗೆರೆ, ಪಕ್ಕದಲ್ಲಿ "ಹಿಂಪಡೆದಿದ್ದೇನೆ" ಎಂದು ಬರೆದು ತಾರೀಖು ಹಾಕಿದ್ದಾರೆ. ಅದರ ಕೆಳಗೆ ಲೋಕೇಶರ ಸಹಿಗೂ ಅಡ್ಡಗೆರೆ.

"ಒಂದು ತಿಂಗಳು ಅಂದಿದ್ರಲ್ಲ ಸಾರ್?"

"ಹೂಂ, ಅಂದಿದ್ದೆ. ಆ ಹುಡುಗಿ ಚಿತ್ರ ನಿದ್ದೆ ಕೆಡ್ಸೈತೆ ಕಣ್ರೀ. ಮೂವತ್ತೊಂದು ವರ್ಷದಲ್ಲಿ ನನ್ ಬೆನ್ನು ಮಾತ್ರ ನೋಡಿರೋ ಮಕ್ಕಳು ಎಷ್ಟಿರ್ಬೋದು ಅಂತ ಲೆಕ್ಕ ಹಾಕ್ತಾ ಮಲಗ್ತೀನಿ," ಎಂದು ಸೀಮೆಸುಣ್ಣದ ಪೆಟ್ಟಿಗೆ ಹಿಡಿದು ಹೊರಟರು.

ತರಗತಿಯಲ್ಲಿ ಸಿರಿಯ ಬೆಂಚಿನ ಮೇಲೆ ಆ ಸ್ಟೀಲ್ ಲೋಟವಿದೆ. ಪಕ್ಕದಲ್ಲಿ ಓರೆ ತೂತಿನ ಕೆಂಪು ಮಣಿಗಳ ಡಬ್ಬಿ. ಅದನ್ನು ಕೇಳಿ ಇಸಿದುಕೊಂಡವಳು ಅವಳೇ. ಯಾರೂ ಹೇಳಿಕೊಡಲಿಲ್ಲ. ವಜೀರಾ ಹಿಂದಿನ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಾರೆ, ಇವತ್ತು ಅವರ ಕೈ ಖಾಲಿ.

ಬೈರಪ್ಪನವರು ರೊಟ್ಟಿಯ ಚಿತ್ರ ಬರೆದು ನಾಲ್ಕು ಭಾಗ ಮಾಡುತ್ತಾರೆ. ಸೀಮೆಸುಣ್ಣ ಕೆಳಗಿಟ್ಟು, ತಿರುಗಿ, ಒಂದು ಭಾಗ ತಿಂದರೆ ಉಳಿದದ್ದೆಷ್ಟು ಎಂದು ಕೇಳುತ್ತಾರೆ. ಕೈಗಳು ಏಳುತ್ತವೆ. ಖುಷಿಯಾಗಿ ಮತ್ತೆ ಹಲಗೆಗೆ ತಿರುಗಿ ಬರೆಯತೊಡಗುತ್ತಾರೆ. ಮೂವತ್ತೊಂದು ವರ್ಷದ ಅಭ್ಯಾಸ, ಬಾಯಿ ತಾನಾಗಿಯೇ ಶುರುವಾಗುತ್ತದೆ; ಲಾಳದ ತುದಿಯ ಸಿರಿಗೆ ಅವರ ದವಡೆ ಆಡುವುದಷ್ಟೇ ಕಾಣುತ್ತದೆ. "ಈಗ ಈ ಉಳಿದ ಮುಕ್ಕಾಲನ್ನ..."

ಟಣ್.

ತರಗತಿ ಉಸಿರು ಬಿಗಿಹಿಡಿದು ನಗು ತಡೆಯುತ್ತದೆ. ಮೇಷ್ಟ್ರು ತಿರುಗದೆಯೇ, ಬರೆಯುತ್ತಲೇ, "ಆಯ್ತು, ಗೊತ್ತಾಯ್ತು ಕಣವ್ವ," ಎನ್ನುತ್ತಾರೆ.

ಟಣ್.

ಅದನ್ನೂ ಗೋಡೆಗೇ ಹೇಳಿದ್ದಕ್ಕೆ ಇನ್ನೊಂದು.

ಇಪ್ಪತ್ತೆರಡು ಮಕ್ಕಳ ನಗು ತರಗತಿಯ ಹೆಂಚು ಮುಟ್ಟುತ್ತದೆ. ಬೈರಪ್ಪನವರು ಸೀಮೆಸುಣ್ಣ ಕೆಳಗಿಡುತ್ತಾರೆ. ಪೂರ್ತಿ ತಿರುಗುತ್ತಾರೆ. ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ಎರಡು ಹೆಜ್ಜೆ ಸರಿದು ನಿಂತು, ಸಿರಿಯನ್ನು ನೋಡುತ್ತಾ, ಮೊದಲಿನಿಂದ ಹೇಳುತ್ತಾರೆ. ಸಿರಿ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು, ನ್ಯಾಯಾಧೀಶರ ಗಾಂಭೀರ್ಯದಿಂದ ತಲೆಯಾಡಿಸುತ್ತಾಳೆ.

ಇನ್ನು ಒಂದೂವರೆ ವರ್ಷಕ್ಕೆ ವಜೀರಾ ಅವರ ಸೇವೆ ಮುಗಿಯುತ್ತದೆ. ಪಾಲಿನ ಮೂವತ್ತೆಂಟು ಶಾಲೆಗಳಲ್ಲಿ ಶನಿವಾರ ಕೂರುವವರು ಐದು ಶಾಲೆಯವರು ಮಾತ್ರ. ಇನ್ನೂ ಮೂವತ್ಮೂರು ಬಾಕಿ. ಆಸೆ ಏನು ಎಂದರೆ ಬಸ್ಸಿನ ಕಿಟಕಿಯಿಂದಾಚೆ ನೋಡುತ್ತಾ ಯೋಚಿಸುತ್ತಾರೆ. "ರಿಟೈರ್ ಆಗೋ ದಿನ ನನ್ನ ಚೀಲದಲ್ಲಿ ಮಣಿ ಡಬ್ಬಿ ಇರ್ಬಾರ್ದು. ಎಲ್ಲಾ ಯಾವ್ಯಾವುದೋ ಸ್ಕೂಲಲ್ಲಿ, ಯಾವ್ಯಾವುದೋ ಮಗು ಬೆಂಚಿನ ಮೇಲೆ ಇರ್ಬೇಕು. ಬರೀ ಟಿಫನ್ ಬಾಕ್ಸ್ ಹಿಡ್ಕೊಂಡು ಮನೆಗೆ ಬತ್ತೀನಿ."

ಲೋಟಕ್ಕೆ ಮಣಿ ಬಿದ್ದ ಆ ಸದ್ದು ಸಿರಿಗೆ ಕೇಳಿಸಿತೇ ಎಂದು ಕೇಳಿದರೆ, ಅವರು ತುಸು ನಗುತ್ತಾರೆ.

"ಇಲ್ಲ. ಕೇಳಿಸ್ಬೇಕಾಗಿದ್ದು ಅವಳಿಗಲ್ವಲ್ಲ."